ಕೇಳಿದಷ್ಟು ಚಹಾ, ಕೇಳಬಾರದ ನೀರು

ಹೈದರಾಬಾದಿನಲ್ಲಿ ಮೊದಲ ದಿನ ಬಾಯಾರಿ ನೀರು ಕೇಳಿದಾಗ ನನ್ನ ಕೈಗೆ ಬಂದದ್ದು ಚಹಾ. ಸಣ್ಣ ಗಾಜಿನ ಲೋಟ, ಮೇಲೆ ಕೆನೆ ಕಟ್ಟಿದ ಗಟ್ಟಿ ಚಹಾ, ಬಾಯಿಗಿಟ್ಟರೆ ತುಟಿಗೆ ತುಟಿ ಅಂಟಿಕೊಳ್ಳುವಷ್ಟು ಸಕ್ಕರೆ. ಬೇಸಿಗೆಯ ನಡುಮಧ್ಯಾಹ್ನ. ಮಾದಾಪುರದ ಬಂಡೆಗಳು ರೊಟ್ಟಿಯ ಹಂಚಿನ ಹಾಗೆ ಕಾದಿದ್ದವು. ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಅಂತಸ್ತು ಹತ್ತಿ ಇಳಿದವಳಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. "ಮೇಸ್ತ್ರಿ, ಕುಡ್ಯಾಕ ನೀರು ಕೊಡ್ರಿ" ಎಂದೆ. ಮೇಸ್ತ್ರಿ ಸಿದ್ದಪ್ಪ ನಗುತ್ತ ಕೆಟಲಿನಿಂದ ಇನ್ನೊಂದು ಲೋಟ ಬಗ್ಗಿಸಿದ.

"ನೀರು ಯಾಕ ತಂಗಿ? ಹೈದರಾಬಾದಿಗೆ ಬಂದೀದಿ, ಇರಾನಿ ಚಾ ಕುಡಿ. ಎಷ್ಟ್ ಬೇಕಾದಷ್ಟು ಕುಡಿ. ಪುಕ್ಕಟೆ ಐತಿ."

ನಮ್ಮ ಶಹಾಪುರದ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚರಗಿ ನೀರು. ಜಗಳಕ್ಕೆಂದು ಬಂದವನಿಗೂ ನೀರು ಕೊಟ್ಟ ಮೇಲೆಯೇ ಜಗಳ. ಇಲ್ಲಿ ನೀರಿನ ಜಾಗದಲ್ಲಿ ಹಾಲು ಹಾಕಿದ ಚಹಾ ಕೊಡುತ್ತಾರೆ ಎಂದರೆ ಇದೆಂಥ ಸಿರಿವಂತ ಊರು ಎಂದು ನಾನು ಬೆರಗಾದೆ. ಸಂಜೆ ಗಂಡನ ಮುಂದೆ ಕೂತು "ಮೇಸ್ತ್ರಿ ದೇವರಂಥಾ ಮನಷ್ಯಾ ನೋಡ್ರಿ" ಎಂದೆ. ಹಾಗಂದ ನನ್ನ ಬಾಯಿಗೆ ಇವತ್ತಿಗೂ ಬೈದುಕೊಳ್ಳುತ್ತೇನೆ. ಈ ಬರಹ ಆ ಸಿದ್ದಪ್ಪನ ಕುರಿತು. ಅವನನ್ನು ಕ್ಷಮಿಸಿದ್ದೇನೆ ಎಂಬ ಮಾತು ಇದರಲ್ಲಿ ಎಲ್ಲೂ ಬರುವುದಿಲ್ಲ. ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ.

ನನ್ನ ಹೆಸರು ಶರಣಮ್ಮ. ಹತ್ತನೆಯ ಇಯತ್ತೆ ಪಾಸಾದವಳು. ಗಂಡ ಹಣಮಂತ ಗೌಂಡಿ, ಅಂದರೆ ಗೋಡೆ ಕಟ್ಟುವವನು. ಟೈಲ್ಸ್ ಕೂರಿಸುವುದರಲ್ಲಂತೂ ಅವನ ಕೈ ಬಹಳ ಚೊಕ್ಕ. ಸಾಫ್ಟ್‌ವೇರ್ ಕಂಪನಿಗಳು ಮಾದಾಪುರದಲ್ಲಿ ಒಂದರ ಪಕ್ಕ ಒಂದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳವು. ಅಲ್ಲಿ ಕೆಲಸ ಮಾಡುವ ಇಂಜಿನಿಯರುಗಳಿಗೆ ಮನೆ ಬೇಕು, ಮನೆ ಕಟ್ಟಲು ಕೈ ಬೇಕು. ನಮ್ಮೂರವನೇ ಆದ ಸಿದ್ದಪ್ಪ ಹತ್ತಾರು ವರ್ಷದ ಹಿಂದೆಯೇ ಹೈದರಾಬಾದು ಸೇರಿ ಮೇಸ್ತ್ರಿ ಆಗಿದ್ದ. ಅವನು ಕರೆದ, ನಾವು ಹೋದೆವು. ನನ್ನ ತಂಗಿ ಮಾದೇವಿಯೂ ಹಟ ಮಾಡಿ ಜೊತೆಗೆ ಬಂದಳು. ಅವಳಿಗೆ ಆಗ ಮದುವೆಯ ವಯಸ್ಸು. ಊರು ನೋಡುವ ಆಸೆ.

ಮನೆ ಅಂತ ಸಿಕ್ಕಿದ್ದು ಕಟ್ಟಡದ ಬದಿಗೆ ಸಾಲಾಗಿ ಹಾಕಿದ ತಗಡಿನ ಶೆಡ್ಡುಗಳಲ್ಲಿ ಒಂದು. ಊರಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ, ಬೇಸಿಗೆಯಲ್ಲೂ ಒಳಗೆ ತಂಪು. ಇಲ್ಲಿ ತಗಡಿನ ಕೆಳಗೆ ಕೂತರೆ ನಾವೇ ಬೇಯುತ್ತಿದ್ದೆವು. ಊಟವೂ ಬೇರೆಯಾಯಿತು. ಊರಲ್ಲಿ ಎರಡು ಹೊತ್ತು ಜೋಳದ ರೊಟ್ಟಿ. ಇಲ್ಲಿ ಜೋಳ ಸಿಗುತ್ತಿತ್ತು, ಆದರೆ ದಿನವಿಡೀ ಬುಟ್ಟಿ ಹೊತ್ತು ಬಂದು ರೊಟ್ಟಿ ಬಡಿಯಲು ತೋಳಿನಲ್ಲಿ ಜೀವ ಇರುತ್ತಿರಲಿಲ್ಲ. ಹಾಗಾಗಿ ಅನ್ನ, ಅದರ ಮೇಲೆ ಕೆಂಪು ಕಾರದ ಪಚ್ಚಡಿ. ಪಚ್ಚಡಿ ಅಂದರೆ ಇವರ ಚಟ್ನಿ. ನಮ್ಮ ಕಾರದ ಅಕ್ಕನಂಥದ್ದು. ಒಂದೇ ಒಂದು ಸಂತೋಷ ಏನೆಂದರೆ ಇವರು ಗೋಂಗೂರ ಎಂದು ಕುಣಿದಾಡುವ ಸೊಪ್ಪು ನಮ್ಮ ಪುಂಡಿಪಲ್ಯವೇ ಆಗಿತ್ತು. ತರಕಾರಿಯವಳ ಹತ್ತಿರ ಅದನ್ನು ಗುರುತು ಹಿಡಿದ ದಿನ, ಗುರುತು ಪರಿಚಯವಿಲ್ಲದ ಊರಲ್ಲಿ ಸೋದರಮಾವ ಸಿಕ್ಕಿದಷ್ಟು ಖುಷಿಯಾಗಿತ್ತು.

ಇನ್ನು ನೀರಿನ ವಿಷಯ. ಸೈಟಿಗೆ ದಿನಾ ಟ್ಯಾಂಕರ್ ಬರುತ್ತಿತ್ತು. ಆ ನೀರು ಗೋಡೆಗೆ. ಹೊಸ ಸಿಮೆಂಟಿಗೆ ಹೊತ್ತು ಹೊತ್ತಿಗೆ ನೀರು ಉಣಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಆ ಕೆಲಸ ನಮ್ಮದು, ಹೆಂಗಸರದು. ಕೊಡ ಹೊತ್ತು ಗೋಡೆಗೆ, ಕಂಬಕ್ಕೆ, ಛತ್ತಿಗೆ ನೀರು ಹಾಕುವುದು. ಸಿದ್ದಪ್ಪ ಬಂದು ಗೋಡೆಯ ಮೇಲೆ ಕೈ ಆಡಿಸಿ ನೋಡುತ್ತಿದ್ದ, ಒಣಗಿದ್ದರೆ ಬೈಯುತ್ತಿದ್ದ. ನಮ್ಮ ಗಂಟಲು ಒಣಗಿದ್ದನ್ನು ಅವನು ಕೈ ಆಡಿಸಿ ನೋಡಲಿಲ್ಲ. ಕುಡಿಯುವ ನೀರಿಗೆ ಇವರು ಮಂಚಿ ನೀಳ್ಳು ಅನ್ನುತ್ತಾರೆ, ಒಳ್ಳೆಯ ನೀರು ಅಂತ. ಆ ಒಳ್ಳೆಯ ನೀರಿನ ಕ್ಯಾನು ಆಫೀಸಿನ ಕೋಣೆಯಲ್ಲಿ ಇರುತ್ತಿತ್ತು. ನಮಗೆ ದಿನಕ್ಕೆ ಹಲವು ಸಲ ಚಹಾ.

ಈ ಔದಾರ್ಯದ ಗುಟ್ಟು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ನೀರು ಕುಡಿದರೆ ಹೆಂಗಸು ಎದ್ದು ಹೋಗಬೇಕಾಗುತ್ತದೆ. ಎದ್ದು ಹೋಗಲು ಸೈಟಿನಲ್ಲಿ ಜಾಗ ಇರಲಿಲ್ಲ. ಗಂಡಸರಿಗೆ ಯಾವ ಗೋಡೆಯಾದರೂ ಆಯಿತು. ನಮಗೆ ಮೊದಲು ದೊಡ್ಡ ಬಂಡೆಗಳಿದ್ದವು. ಹೈದರಾಬಾದಿನ ಬಂಡೆ ಅಂದರೆ ಒಂದರ ಮೇಲೊಂದು ಯಾರೋ ಇಟ್ಟು ಹೋದ ಹಾಗೆ, ಹಿಂದೆ ನಾಲ್ಕು ಮಂದಿ ಕೂತರೂ ಕಾಣುವುದಿಲ್ಲ. ಆದರೆ ಇನ್ನೊಂದು ಕಟ್ಟಡಕ್ಕೆಂದು ಆ ಬಂಡೆಗಳಿಗೆ ಮದ್ದು ಇಟ್ಟು ಹಾರಿಸಿದರು. ಸುತ್ತ ಗಾಜಿನ ಕಟ್ಟಡಗಳು ಎದ್ದವು. ಒಳಗಿನವರಿಗೆ ಹೊರಗಿನವರು ಕಾಣುತ್ತಾರೆ, ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ ಎಂದು ಹಣಮಂತ ಆ ಗಾಜಿನ ವಿಷಯ ಹೇಳಿದ ಮೇಲೆ ನಾನು ಬಯಲಿನಲ್ಲಿ ಕಣ್ಣೆತ್ತಿ ನಡೆಯುವುದನ್ನೂ ಬಿಟ್ಟೆ.

ಉಳಿದದ್ದು ಗೇಟಿನಾಚೆ ದೂರದ ಪೊದೆ. ಗೇಟಿನಲ್ಲಿ ಕಾವಲುಗಾರ "ಎಕ್ಕಡಿಕಿ ಅಮ್ಮಾ?" ಅನ್ನುತ್ತಿದ್ದ. ಎಲ್ಲಿಗೆ ಅಂತ ಅರ್ಥ. ತೆಲುಗಿನಲ್ಲಿ ನಾನು ಮೊದಲು ಕಲಿತ ಮಾತು ಅದು, ಮೊದಲು ದ್ವೇಷಿಸಿದ ಮಾತೂ ಅದೇ. ಹೋಗಿ ಬರುವಷ್ಟರಲ್ಲಿ ಸಿದ್ದಪ್ಪ ನಮ್ಮ ಅರ್ಧ ದಿನದ ಕೂಲಿ ಕತ್ತರಿಸಿರುತ್ತಿದ್ದ. ಹಾಗಾಗಿ ಎಲ್ಲರೂ ನೀರು ಬಿಟ್ಟೆವು. ಚಹಾ ಹಸಿವು ಕೊಲ್ಲುತ್ತದೆ, ಬಾಯಿ ಒದ್ದೆ ಮಾಡುತ್ತದೆ, ಮತ್ತೆ ಕೆಲಸಕ್ಕೆ ಎಬ್ಬಿಸುತ್ತದೆ. ಅದೂ ಒಂದೊಂದು ಗುಟುಕಿನ ಲೋಟ. ಸಿದ್ದಪ್ಪ ಲೋಟದ ಅಳತೆಯನ್ನೂ ಯೋಚಿಸಿಯೇ ತಂದಿದ್ದ ಎಂದು ನನಗೆ ಈಗ ಅನ್ನಿಸುತ್ತದೆ.

ಮೈ ಸುಮ್ಮನೆ ಇರುತ್ತದೆಯೇ? ಮೊದಲು ತಲೆನೋವು. ಆಮೇಲೆ ಎದೆಯಲ್ಲಿ ಉರಿ, ಹುಳಿ ತೇಗು. ಖಾಲಿ ಹೊಟ್ಟೆಗೆ ಚಹಾ, ಅದರ ಮೇಲೆ ಕಾರದ ಪಚ್ಚಡಿ, ಅದರ ಮೇಲೆ ಮತ್ತೆ ಚಹಾ. ಆಮೇಲೆ ಹೊಟ್ಟೆ ಕಲ್ಲಾಯಿತು. ನೀರಿಲ್ಲದೆ ಕರುಳು ಏನು ಮಾಡೀತು? ದಿನಗಟ್ಟಲೆ ಆಗುತ್ತಿರಲಿಲ್ಲ. ಬೆಳಗಿನ ಕತ್ತಲಲ್ಲಿ ಪೊದೆಯ ಹತ್ತಿರ ಹೋದ ಹೆಂಗಸರು ಕಣ್ಣೀರು ಹಾಕಿಕೊಂಡು ಬರುತ್ತಿದ್ದರು. ಊರಲ್ಲಿ ಇದಕ್ಕೆ ಅಂಬಲಿ ಇತ್ತು. ಜೋಳದ ಹಿಟ್ಟನ್ನು ರಾತ್ರಿ ನೀರಲ್ಲಿ ಹುಳಿಯಾಗಲು ಇಟ್ಟು, ಬೆಳಗ್ಗೆ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿದರೆ ಹೊಟ್ಟೆಯೂ ತುಂಬುತ್ತದೆ, ತಂಪೂ ಆಗುತ್ತದೆ. ಬಿಸಿಲಿಗೆ ಹೋಗುವವರು ಅದನ್ನು ಕುಡಿದೇ ಹೊರಡುತ್ತಾರೆ. ಇಲ್ಲಿ ಅಂಬಲಿಯ ಹೆಸರು ಎತ್ತಿದರೆ ಹೆಂಗಸರು ಹೆದರುತ್ತಿದ್ದರು. ಒಂದು ಬಟ್ಟಲು ಕುಡಿದರೆ ಎರಡು ಸಲ ಏಳಬೇಕು.

ಮಾದೇವಿಗೆ ಉರಿಮೂತ್ರ ಶುರುವಾಗಿತ್ತು. ನಾಚಿಕೆಗೆ ಹೇಳಿರಲಿಲ್ಲ. ಒಂದು ದಿನ ನೀರಿನ ಕೊಡ ಹೊತ್ತವಳು ಗೋಡೆಗೆ ಒರಗಿ ಹಾಗೇ ಕುಸಿದಳು. ಮೈ ಮುಟ್ಟಿದರೆ ಸುಡುತ್ತಿತ್ತು, ಬೆನ್ನು ಹಿಡಿದುಕೊಂಡು ನರಳುತ್ತಿದ್ದಳು. ಕೊಡದ ನೀರೆಲ್ಲ ಅವಳ ಮೈಮೇಲೆ ಚೆಲ್ಲಿತ್ತು. ಸಿದ್ದಪ್ಪ ಓಡಿ ಬಂದವನು ಚಹಾ ತರಿಸಿದ.

ಸರಕಾರಿ ದವಾಖಾನೆಯ ಡಾಕ್ಟರಮ್ಮ ತೆಲುಗಿನಲ್ಲಿ "ನೀಳ್ಳು ತಾಗುತಲೇವಾ?" ಎಂದು ಗದರಿದರು. ನೀರು ಕುಡಿಯುತ್ತಿಲ್ಲವೇ ಅಂತ. ನಾನು ಹರಕು ಹಿಂದಿಯಲ್ಲಿ, ಚಹಾ ಕುಡಿಯುತ್ತಾಳೆ, ದಿನಾ ಬೇಕಾದಷ್ಟು ಕುಡಿಯುತ್ತಾಳೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬಿಸಿಲಲ್ಲಿ ಬೆವರು ಸುರಿಸುವವರಿಗೆ ಆ ಲೋಟದ ಚಹಾ ಯಾವ ಮೂಲೆಗೂ ಸಾಲದು; ನೀರು, ಮಜ್ಜಿಗೆ, ಬಾರ್ಲಿ ನೀರು ಬೇಕು; ಮೂತ್ರ ತಿಳಿಯಾಗುವವರೆಗೆ ಕುಡಿಯಬೇಕು, ಬಂದಾಗ ಹೋಗಬೇಕು, ತಡೆದು ಇಟ್ಟುಕೊಳ್ಳಲೇಬಾರದು ಎಂದರು. ಸೋಂಕು ಮೂತ್ರಪಿಂಡದವರೆಗೆ ಹತ್ತಿದೆ, ಹೀಗೇ ಮಾಡುತ್ತ ಹೋದರೆ ಅದು ಕೆಡುತ್ತದೆ, ಕೆಟ್ಟರೆ ಹೊಸದು ತರಲು ನಿಮ್ಮಂಥವರಿಂದ ಆಗುವುದಿಲ್ಲ ಎಂದರು. ಕೊನೆಯ ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಮಾದೇವಿ ಎದ್ದು ಓಡಾಡುವ ಹಾಗಾದ ಮೇಲೆ ನಾನು ಸಿದ್ದಪ್ಪನ ಹತ್ತಿರ ಹೋದೆ. ಕುಡಿಯುವ ನೀರಿಗೆ ಒಂದು ಡ್ರಮ್ಮು, ಹೆಂಗಸರಿಗೆ ಮೂರು ತಗಡು ಮರೆಮಾಡಿದ ಒಂದು ಜಾಗ, ಇಷ್ಟೇ ಕೇಳಿದ್ದು.

"ಇವತ್ತ ಡ್ರಮ್ಮು ಅಂತೀ, ನಾಳಿ ಫ್ಯಾನು ಅಂತೀ" ಎಂದ. "ಆಕಿಗೆ ಜಡ್ಡಾದ್ರ ಊರಿಗೆ ಕಳಸು. ಇಲ್ಲೇನು ತವರುಮನಿ ಅಂತ ತಿಳದೀರೇನು?"

ನಾನು ಅವನನ್ನು ದಾಟಿ ಸೈಟಿನ ಇಂಜಿನಿಯರ ಹತ್ತಿರ ಹೋದೆ. ತೆಲುಗಿನ ಹುಡುಗ, ನೋಡಲು ಸೌಮ್ಯ. ನಾನು ಬಾಯಿ ತೆರೆಯುವ ಮೊದಲೇ ಸಿದ್ದಪ್ಪ ಓಡಿ ಬಂದು ನಡುವೆ ನಿಂತ. ನನಗೆ ತೆಲುಗು ಬರುವುದಿಲ್ಲ ಎಂದುಕೊಂಡು ತೆಲುಗಿನಲ್ಲಿ ಹೇಳಿದ. ನನಗೆ ಅಷ್ಟು ಹೊತ್ತಿಗೆ ತಿಳಿಯುತ್ತಿತ್ತು. ಅವನು ಹೇಳಿದ್ದು ಇದು: "ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದೆಲ್ಲ ಬೇಕಾಗಿಲ್ಲ ಸಾರ್. ಅವರು ನೀರು ಕುಡಿಯುವುದೇ ಕಮ್ಮಿ. ಬೆಳಗಿನ ಕತ್ತಲಲ್ಲಿ ಒಮ್ಮೆ ಹೋದರೆ ರಾತ್ರಿಯವರೆಗೆ ಏಳುವುದಿಲ್ಲ. ತವರಿನಲ್ಲೇ ರೂಢಿಯಾಗಿ ಬಂದಿರುತ್ತದೆ. ಅದಕ್ಕೇ ಅಲ್ಲವೇ ನಾನು ನಮ್ಮ ಕಡೆಯವರನ್ನೇ ಹುಡುಕಿ ತರುವುದು?"

ಎತ್ತಿನ ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ತೋರಿಸಿ ಮಾರುತ್ತಾರಲ್ಲ, ಹಾಗೆ ಅವನು ನಮ್ಮನ್ನು ತೋರಿಸುತ್ತಿದ್ದ. ನನಗೆ ಬೆಂಕಿ ಬಿದ್ದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ. ಹೇಳಿದ್ದು ನಿಜವಾಗಿತ್ತು. ಹೊಲದಲ್ಲಿ ಆಳೆತ್ತರ ಜೋಳ ನಿಂತಿರುವ ತಿಂಗಳು ಬಿಟ್ಟರೆ, ನಮ್ಮೂರಲ್ಲಿ ನಮ್ಮ ಅವ್ವ, ಅತ್ತೆ, ನಾವೆಲ್ಲ ಕತ್ತಲಿಗಾಗಿ ಕಾದು ಬೆಳೆದವರೇ. ನಮ್ಮ ಅವ್ವಂದಿರ ಕಷ್ಟವನ್ನು ಅವನು ನಮ್ಮ ಗುಣವೆಂದು ಹೈದರಾಬಾದಿನಲ್ಲಿ ಮಾರಿದ. ಇಂಜಿನಿಯರು ತಲೆಯಾಡಿಸಿ ನಕ್ಕ. ಅಂದೇ ನಾನು ಮನಸ್ಸಿನಲ್ಲಿ ಅಂದುಕೊಂಡೆ, ಈ ಮನುಷ್ಯನ ಮುಖ ಎಲ್ಲರೆದುರು ಮಣ್ಣಾಗಬೇಕು, ಅದೂ ನೀರಿನಿಂದಲೇ ಆಗಬೇಕು.

ಕಟ್ಟಡದ ಕೆಳ ಅಂತಸ್ತಿನಲ್ಲಿ ಸ್ಯಾಂಪಲ್ ಫ್ಲಾಟು ಅಂತ ಒಂದಿತ್ತು. ಕಟ್ಟಡ ಇನ್ನೂ ಮೂಳೆ ಮೂಳೆಯಾಗಿ ನಿಂತಿದ್ದರೂ ಅದೊಂದು ಮನೆಯನ್ನು ಮಾತ್ರ ಮದುಮಗಳ ಹಾಗೆ ಸಿಂಗರಿಸಿದ್ದರು. ಮುಗಿದ ಮೇಲೆ ನಿಮ್ಮ ಮನೆ ಹೀಗಿರುತ್ತದೆ ಎಂದು ಕೊಳ್ಳುವವರಿಗೆ ತೋರಿಸಲು. ಸೋಫಾ, ಪರದೆ, ಕಟ್ಟಿಗೆಯಂತೆ ಕಾಣುವ ನೆಲ. ಬಚ್ಚಲಲ್ಲಿ ಗುಲಾಬಿ ಟೈಲ್ಸು, ಬಿಳಿ ಕಮೋಡು, ಹೊಳೆಯುವ ನಲ್ಲಿ. ಆ ಟೈಲ್ಸು ಕೂರಿಸಿದ್ದು ಹಣಮಂತ. ಒಂದು ಸಂಜೆ ಉಣ್ಣುವಾಗ ಅವನೇ ನಗುತ್ತ ಹೇಳಿದ್ದ: "ಅದರ ಕೆಳಗ ಪೈಪೇ ಇಲ್ಲ ಮಾರಾಯ್ತಿ. ಬರೀ ತೋರ್ಸಾಕ ಇಟ್ಟಾರ. ನಲ್ಲಿ ತಿರುವಿದ್ರ ಗಾಳೀನೂ ಬರೂದಿಲ್ಲ."

ಭಾನುವಾರ ಬಂದರೆ ಸಾಫ್ಟ್‌ವೇರಿನವರು ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕರೆದುಕೊಂಡು ನೋಡಲು ಬರುತ್ತಿದ್ದರು. ಅವರಿಗೆ ಐಸಿನ ಟಬ್ಬಿನಲ್ಲಿ ನೀರಿನ ಬಾಟಲಿ, ಬಣ್ಣಬಣ್ಣದ ತಂಪು ಪಾನೀಯ. ಸಿದ್ದಪ್ಪ ಇಸ್ತ್ರಿ ಅಂಗಿ ತೊಟ್ಟು ಬಾಟಲಿ ಹಂಚುತ್ತಿದ್ದ.

ಶೆಡ್ಡಿನ ಹೆಂಗಸರನ್ನು ಕೂರಿಸಿಕೊಂಡು ನನ್ನ ಯೋಚನೆ ಹೇಳಿದೆ. ಒಬ್ಬಾಕೆ "ಕೆಲಸ ಹೋಗತೈತಿ ಶರಣಮ್ಮ" ಎಂದಳು.

"ಹೋಗ್ಲಿ. ಕಿಡ್ನಿ ಹೋಗೂದಕಿಂತ ಕೆಲಸ ಹೋಗ್ಲಿ."

ಹಣಮಂತ ಮೂಲೆಯಲ್ಲಿ ಕೂತು ಕೇಳುತ್ತಿದ್ದ. "ನನ್ನ ಟೈಲ್ಸು ಹಾಳಾಗ್ತಾವಲ್ಲ" ಎಂದ. ಅದೊಂದೇ ಅವನ ತಕರಾರು. ಎಲ್ಲರೂ ನಕ್ಕೆವು, ನಗುವಿನಲ್ಲಿ ಮಾತು ತೀರ್ಮಾನವಾಯಿತು.

ಶನಿವಾರ ದೊಡ್ಡ ಪಾತ್ರೆಯಲ್ಲಿ ಜೋಳದ ಹಿಟ್ಟು ನೆನೆಹಾಕಿದೆ. ಭಾನುವಾರ ಬೆಳಗ್ಗೆ ಅಂಬಲಿ ಕುದಿಸಿ, ಆರಿಸಿ, ಮಜ್ಜಿಗೆ ಸುರಿದೆ. ಹೆಂಗಸರು ಸುತ್ತ ಕೂತು ಕುಡಿದರು. ಎಷ್ಟೋ ತಿಂಗಳ ಮೇಲೆ ಬಾಯಿಗೆ ಬಂದ ಹುಳಿ. ಒಬ್ಬಳು ಬಟ್ಟಲು ಇಳಿಸದೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮತ್ತೆ ಬಟ್ಟಲು ಚಾಚಿದಳು. ಅಂಬಲಿಯ ಮೇಲೆ ನೀರು. ಗೋಡೆಗೆ ಹಾಕುವ ಟ್ಯಾಂಕರಿನ ನೀರನ್ನೇ ಕಾಯಿಸಿ ಆರಿಸಿ ಇಟ್ಟಿದ್ದೆ. ಮಾದೇವಿಗೆ ಮಾತ್ರ ಬೇರೆ ಹೇಳಿದ್ದೆ: "ನೀ ತಡಕೋಬ್ಯಾಡ. ನಿನಗ ಯಾವಾಗ ಬರತೈತಿ ಆವಾಗ ಬುಟ್ಟಿ ಇಳಸು. ನಿನ್ನ ಹಿಂದ ನಾವೆಲ್ಲಾ ಇಳಸ್ತೀವಿ." ಅವಳು ಕತ್ತು ಆಡಿಸಿದಳು. ಕೆಲಸದ ಹೊತ್ತಿನಲ್ಲಿ ನಾನು ಅವಳ ಕಡೆಯಿಂದ ಕಣ್ಣು ಕೀಳಲಿಲ್ಲ.

ಕಾರುಗಳು ಬಂದು ನಿಂತಿದ್ದವು. ಫ್ಲಾಟಿನ ಒಳಗೆ ಮೂರು ನಾಲ್ಕು ಸಂಸಾರಗಳು. ಮಾದೇವಿ ಮರಳಿನ ಬುಟ್ಟಿಯನ್ನು ಕೆಳಗಿಟ್ಟು, ತಲೆಯ ಸಿಂಬಿ ತೆಗೆದು ಜಾಡಿಸಿ, ಸೆರಗು ಸರಿಮಾಡಿಕೊಂಡು ನೇರ ಆ ಬಾಗಿಲಿನ ಕಡೆ ನಡೆದಳು. ಅವಳ ಹಿಂದೆ ನಾನು. ನನ್ನ ಹಿಂದೆ ಉಳಿದವರೆಲ್ಲ, ಸಾಲಾಗಿ. ಮಾದೇವಿ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೈದರಾಬಾದಿಗೆ ಬಂದ ಮೇಲೆ ಅವಳು ಚಿಲಕ ಹಾಕಿಕೊಂಡು ಹೋದದ್ದು ಅದೇ ಮೊದಲು.

ಸಿದ್ದಪ್ಪನ ಕೈಯಲ್ಲಿ ಎರಡು ಬಾಟಲಿ ಇದ್ದವು. ಗಿರಾಕಿಗಳ ಕಡೆ ಹಲ್ಲು ತೋರಿಸುತ್ತಲೇ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ "ಏನಿದು? ಹೊರಗ ನಡ್ರಿ. ಮಾನ ಕಳೀಬ್ಯಾಡ್ರಿ" ಎಂದ.

"ನೀರು ಕುಡದೀವ್ರಿ ಮೇಸ್ತ್ರಿ" ಎಂದೆ. ಸಣ್ಣ ದನಿಯಲ್ಲಿ ಹೇಳಲಿಲ್ಲ. ತೆಲುಗಿನಲ್ಲೂ ಹೇಳಿದೆ, ಹಿಂದಿಯಲ್ಲೂ ಹೇಳಿದೆ. ಇಲ್ಲಿ ಕೆಲಸ ಮಾಡುವ ಹೆಂಗಸರಿಗೆ ಹೋಗಲು ಜಾಗವಿಲ್ಲ, ಇದೊಂದೇ ಇರುವುದು, ಅದಕ್ಕೇ ಬಂದೆವು ಎಂದೆ. ಮಾದೇವಿ ಹೊರಗೆ ಬಂದಳು, ನಾನು ಒಳಗೆ ಹೋದೆ. ನಾನು ಬಂದೆ, ಇನ್ನೊಬ್ಬಳು ಹೋದಳು. ಪೈಪಿಲ್ಲದ ಕಮೋಡು ಎಷ್ಟು ಹಿಡಿದೀತು? ಸಾಲು ಅರ್ಧ ಮುಗಿಯುವ ಮೊದಲೇ ಬಾಗಿಲ ಕೆಳಗಿನಿಂದ ನೀರು ಮೆಲ್ಲಗೆ ಹೊರಗೆ ಬಂತು. ಕಟ್ಟಿಗೆಯಂತೆ ಕಾಣುವ ನೆಲದ ಮೇಲೆ ಹರಿಯಿತು, ಸೋಫಾದ ಕಡೆಗೆ ತಿರುಗಿತು. ಕಾರಿನಲ್ಲಿ ಬಂದ ಹೆಂಗಸರು ಮೂಗಿಗೆ ಕರ್ಚೀಫು ಹಿಡಿದು ಮಕ್ಕಳನ್ನು ಎತ್ತಿಕೊಂಡರು.

ಜೀನ್ಸ್ ಪ್ಯಾಂಟಿನ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಮ್ಮ ಬಗ್ಗೆ ಕೇಳುತ್ತಿದ್ದಾಳೆ ಎಂದು ಒಂದು ಕ್ಷಣ ನನ್ನ ಎದೆ ಉಬ್ಬಿತು. ಮನೆ ಮಾರುವ ಹುಡುಗ ತೆಲುಗಿನಲ್ಲಿ ಕೊಟ್ಟ ಉತ್ತರ ಕೇಳಿದ ಮೇಲೆ ತಿಳಿಯಿತು. ನಾವು ಕೊಳ್ಳುವ ಮನೆಯಲ್ಲೂ ಪೈಪು ಹೀಗೇ ಇರುತ್ತದೋ ಎಂದು ಅವಳು ಕೇಳಿದ್ದಳು. ಎಲ್ಲರೂ ಕಾರು ಹತ್ತಿ ಹೋದರು. ಈ ಹೆಂಗಸರು ದಿನಾ ಎಲ್ಲಿ ಹೋಗುತ್ತಾರೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನೂ ನಾನು ಮರೆತಿಲ್ಲ.

ಸಂಜೆಗೆ ಮಾಲೀಕನ ಕಡೆಯ ಮನುಷ್ಯ ಬಂದು ಸಿದ್ದಪ್ಪನನ್ನು ಎಲ್ಲ ಕೂಲಿಗಳ ಎದುರು ನಿಲ್ಲಿಸಿ, ಇಲ್ಲಿ ಬರೆಯಬಾರದ ಮಾತುಗಳಲ್ಲಿ ಬೈದು, ಕೆಲಸದಿಂದ ತೆಗೆದ. ಮೇಸ್ತ್ರಿಯ ಜೊತೆಗೆ ನಮ್ಮನ್ನೂ ತೆಗೆದ. ಶೆಡ್ಡಿನಿಂದ ಪಾತ್ರೆ ಹೊರಗಿಡುತ್ತಿದ್ದಾಗ ಸಿದ್ದಪ್ಪ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ನಮ್ಮೂರಾಕಿ ಆಗಿ ನನ್ನ ಹೊಟ್ಟಿ ಮ್ಯಾಲ ಹೊಡದಿ" ಎಂದ.

"ಮೊದಲ ಹೊಡದಾಂವ ನೀನು" ಎಂದೆ. ಅಲ್ಲಿಯವರೆಗೆ ಅವನನ್ನು ನೀವು ಅನ್ನುತ್ತಿದ್ದವಳು ಅವತ್ತಿನಿಂದ ಬಹುವಚನ ಬಿಟ್ಟೆ. ಅವನು ಅಳುವುದನ್ನು ನೋಡಿ ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತುಂಬ ಅಂಬಲಿ ಕುಡಿದಾಗ ಆಗುವ ತಂಪು ಆಯಿತು. ಹೀಗೆ ಬರೆಯಬಾರದು ಎಂದು ಯಾರಾದರೂ ಹೇಳಬಹುದು. ಆದದ್ದು ಹಾಗೆಯೇ. ನಮ್ಮ ನಂತರ ಅಲ್ಲಿಗೆ ತೆಲುಗು ಸೀಮೆಯ ಪಾಲಮೂರಿನ ಕೂಲಿ ಹೆಂಗಸರು ಬಂದರು. ಅವರು ಬರುವ ಮೊದಲೇ ತಗಡಿನ ಎರಡು ಸಂಡಾಸು ಎದ್ದು ನಿಂತಿದ್ದವು ಎಂದು ಕೇಳಿದೆ. ಕೊಳ್ಳುವವರ ಮುಂದೆ ಇನ್ನೊಮ್ಮೆ ಮಾನ ಹೋಗದಿರಲಿ ಎಂದು ಕಟ್ಟಿಸಿದ್ದು.

ಮುಂದೆ ಕೆಲವು ತಿಂಗಳು ಹಣಮಂತ ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ನೆಲ ಹಾಕಿದ. ನಾನು ಮಾದಾಪುರದ ಒಂದು ಗಲ್ಲಿಯಲ್ಲಿ ಖಾನಾವಳಿ ಶುರುಮಾಡಿದೆ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಧಾರವಾಡ, ಗುಲ್ಬರ್ಗ, ಬಾಗಲಕೋಟೆ ಕಡೆಯ ಸಾಫ್ಟ್‌ವೇರ್ ಹುಡುಗರು ಬರತೊಡಗಿದರು. ಇವರ ಹೊಟ್ಟೆಯ ಕಥೆಯೂ ನೆಟ್ಟಗಿಲ್ಲ. ತಣ್ಣನೆಯ ಕೋಣೆಯಲ್ಲಿ ಕೂತು ಬಾಯಾರಿಕೆಯೇ ಗೊತ್ತಾಗದೆ ಮಷೀನಿನ ಕಾಫಿ ಕುಡಿಯುತ್ತಾರೆ, ಮಧ್ಯಾಹ್ನ ಬಿರಿಯಾನಿಯ ಮೇಲೆ ಕೋಲಾ ಸುರಿಯುತ್ತಾರೆ, ಸಂಜೆ ನನ್ನ ಹತ್ತಿರ ಬಂದು ಎದೆಯುರಿ ಅನ್ನುತ್ತಾರೆ. ಒಣ ರೊಟ್ಟಿ ತಿಂದು ನೀರು ಕುಡಿಯದವನಿಗೆ ನಾಳೆ ಬೆಳಗ್ಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದರೆ ನಾಚುತ್ತಾರೆ. ನನ್ನಲ್ಲಿ ನೀರಿನ ಲೋಟ ಖಾಲಿ ಮಾಡದವರಿಗೆ ಚಹಾ ಇಲ್ಲ. ಅಬಿಡ್ಸಿನ ಪೇಟೆಯಿಂದ ತಂದ ದೊಡ್ಡ ಸ್ಟೀಲು ಲೋಟಗಳು, ಒಂದೊಂದರಲ್ಲಿ ಅರ್ಧ ಚರಗಿ ನೀರು ಹಿಡಿಯುತ್ತದೆ. ಹಿಂಬದಿಗೆ ಸಂಡಾಸು ಕಟ್ಟಿಸಿದೆ. ಹಣಮಂತ ಟೈಲ್ಸು ಕೂರಿಸಿದ, ಕೆಳಗೆ ಪೈಪು ಇದೆ. ಆ ದಾರಿಯಲ್ಲಿ ಹೋಗುವ ಯಾವ ಕೂಲಿ ಹೆಂಗಸಾದರೂ ಕೇಳದೆ ಹೋಗಬಹುದು. ಎಕ್ಕಡಿಕಿ ಎಂದು ಯಾರೂ ಅನ್ನುವುದಿಲ್ಲ.

ಮಾದೇವಿಯ ಜ್ವರ ಮತ್ತೆ ಬರಲಿಲ್ಲ. ಎಲ್ಲಿ ಹೋದರೂ ಅವಳ ಚೀಲದಲ್ಲಿ ನೀರಿನ ಬಾಟಲಿ. ಅಷ್ಟರಲ್ಲಿ ಊರಿನಿಂದ ಸಂಬಂಧ ಬಂತು. ಗಂಡು ಪಕ್ಕದ ಊರಿನವನು, ಸ್ವಂತ ಹೊಲ, ಒಳ್ಳೆಯವನು ಅಂದರು. ತೊಗರಿ ಹೂ ಬಿಡುವ ಕಾಲಕ್ಕೆ ನಿಶ್ಚಯದ ಮಾತುಕತೆಗೆ ನಾನೂ ಅವಳೂ ಊರಿಗೆ ಹೋದೆವು. ಹೈದರಾಬಾದಿನಲ್ಲಿ ಇದ್ದಷ್ಟು ದಿನ ಊರು ಎಂದರೆ ಅಂಬಲಿ, ಬೇವಿನ ನೆರಳು, ಮಾಳಿಗೆಯ ತಂಪು. ಹೋಗಿ ಇಳಿದ ದಿನವೇ ಸಂಜೆ, ಮಾದೇವಿ ನೀರಿನ ಚರಗಿ ಎತ್ತಿದಾಗ ನಮ್ಮ ಅವ್ವ ಅದನ್ನು ಕೈಯಿಂದ ಕಸಿದುಕೊಂಡಳು. "ಈಗ ಕುಡಿಬ್ಯಾಡ. ಇನ್ನಾ ಕತ್ತಲಾಗಿಲ್ಲ" ಎಂದಳು. ಪ್ರೀತಿಯಿಂದಲೇ ಹೇಳಿದ್ದು. ನನಗೆ ಸಿದ್ದಪ್ಪನ ಮಾತು ಕಿವಿಯಲ್ಲಿ ಹಾದುಹೋಯಿತು, ತವರಿನಲ್ಲೇ ರೂಢಿಯಾಗಿ ಬಂದಿರುತ್ತದೆ ಸಾರ್. ಅವ್ವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಊರಿನ ಮೇಲೆ ಮಾಡಿದೆ.

ಮಾರನೆಯ ದಿನ ಗಂಡಿನ ಕಡೆಯವರು ಬಂದು ಜಮಖಾನೆಯ ಮೇಲೆ ಕೂತರು. ಊರಿನ ಹಿರಿಯರೂ ಕೂತರು. ಅವರಲ್ಲಿ ಸಿದ್ದಪ್ಪನೂ ಇದ್ದ. ಹೈದರಾಬಾದು ಬಿಟ್ಟು ಬಂದು ಊರಲ್ಲಿ ದೊಡ್ಡ ಮನುಷ್ಯನಾಗಿದ್ದ. ಇಷ್ಟು ದಿನ ಅವನೂ ಕಾದಿದ್ದ ಎಂದು ಅವನ ಮುಖ ನೋಡಿದಾಗಲೇ ತಿಳಿಯಿತು. ತೆಂಗಿನಕಾಯಿ ಕೊಡುವ ಹೊತ್ತಿಗೆ ಗಂಟಲು ಸರಿಮಾಡಿಕೊಂಡ.

"ಹುಡುಗಿ ಬಗ್ಗೆ ಒಂದ್ ಮಾತು ನಿಮಗ ಗೊತ್ತಿರಬೇಕ್ರಿ" ಎಂದು ಶುರು ಮಾಡಿ, ಸ್ಯಾಂಪಲ್ ಫ್ಲಾಟಿನ ಕಥೆಯನ್ನು ಪೂರ್ತಿ ಹೇಳಿದ. ನೀರು ಕೊಡದೆ ದುಡಿಸಿದ್ದನ್ನು ಹೇಳಲಿಲ್ಲ, ಜ್ವರ ಹೇಳಲಿಲ್ಲ. ನಾಕು ಮಂದಿ ಗಂಡಸರ ಎದುರು ಮೊದಲು ಒಳಗೆ ಹೋದವಳು ಈ ಹುಡುಗಿ ಎಂಬುದನ್ನು ಮಾತ್ರ ಎರಡು ಸಲ ಹೇಳಿದ.

ಗಂಡಿನ ತಂದೆ ತಲೆಯ ಪಟಕಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನು ಎದ್ದು ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಮಾದೇವಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಅಂವಾ ಹೇಳಿದ್ದು ಖರೇ ಐತ್ರಿ" ಎಂದಳು. "ಒಂದ್ ಮಾತು ನಾ ಕೇಳ್ತೀನಿ. ನಿಮ್ಮ ಮನ್ಯಾಗ ಹೆಣ್ಮಕ್ಳು ಎಲ್ಲಿ ಹೋಗ್ತಾರ್ರಿ?"

ಗಂಡಿನ ತಂದೆ ಹಿರಿಯರ ಮುಖ ನೋಡಿದ. "ಎಲ್ಲಾರೂ ಹೋಗೂ ಕಡೀನ ಹೋಗ್ತಾರವಾ. ಹೊತ್ತು ಮುಳುಗಿದ ಮ್ಯಾಲ."

"ಹಂಗಾರ ನನಗ ಬ್ಯಾಡ್ರಿ" ಎಂದಳು ಮಾದೇವಿ. ತೆಂಗಿನಕಾಯಿ ಜಮಖಾನೆಯ ನಡುವೆಯೇ ಉಳಿಯಿತು. ಅವ್ವ ಒಳಗೆ ಅಳುತ್ತಿದ್ದಳು. ಗಂಡಿನ ಜೊತೆ ಬಂದ ಹೆಂಗಸರು ಎದ್ದು ಹೋಗುವಾಗ ಒಬ್ಬರೂ ಅವಳನ್ನು ಬೈಯಲಿಲ್ಲ, ಒಬ್ಬರೂ ಸರಿ ಅನ್ನಲೂ ಇಲ್ಲ. ಸಿದ್ದಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲಿಳಿದ. ಗೆದ್ದೆ ಅಂದುಕೊಂಡಿದ್ದಾನೆ. ಅಂದುಕೊಳ್ಳಲಿ. ನಾನು ಇದನ್ನು ಬರೆದು ಊರಿನವರು ಓದುವಲ್ಲಿ ಕೊಟ್ಟಿದ್ದೇನೆ, ಅವನ ಮನೆಯ ಹೆಣ್ಣುಮಕ್ಕಳಿಗೂ ಓದಲು ಬರುತ್ತದೆ.

ನಾವಿಬ್ಬರೂ ಹೈದರಾಬಾದಿನ ಬಸ್ಸು ಹತ್ತಿದೆವು. ಮಾದೇವಿ ಕಿಟಕಿಗೆ ತಲೆಯಿಟ್ಟು ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅವಳ ಬಾಳನ್ನು ಕಟ್ಟಲು ಹೋಗಿ ಕೆಡಿಸಿದೆನೋ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಗುರುಮಠಕಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಅವಳು ಎದ್ದು ಕಂಡಕ್ಟರನ ಹತ್ತಿರ ನಡೆದಳು.

"ಬಸ್ ನಿಂದರಸ್ರಿ. ಕೆಳಗ ಹೋಗಬೇಕು."

"ಮುಂದ ಕೊಡಂಗಲ್ ಸ್ಟ್ಯಾಂಡ್ ಬರತೈತಿ. ತಡೀರಿ ಅಲ್ಲೀಮಟ."

"ತಡಿಯೂದಿಲ್ರಿ" ಎಂದಳು ಮಾದೇವಿ. ಜೋರಾಗಿ ಹೇಳಲಿಲ್ಲ. ಆದರೆ ಕಂಬಿ ಹಿಡಿದು ನಿಂತವಳು ಕದಲಲೂ ಇಲ್ಲ. ಗಂಡಸರು ತಿರುಗಿ ನೋಡಿದರು. ಡ್ರೈವರ್ ಗೊಣಗುತ್ತ ಬಸ್ಸನ್ನು ರಸ್ತೆಯ ಬದಿಗೆ ಹಾಕಿದ. ಎರಡೂ ಕಡೆ ಎದೆಯೆತ್ತರ ತೊಗರಿ, ಹಳದಿ ಹೂ, ಹಗಲಿನ ಬೆಳಕು. ಕರ್ನಾಟಕ ಮುಗಿಯಿತೋ ಆಂಧ್ರ ಶುರುವಾಯಿತೋ ಗೊತ್ತಾಗದ ಜಾಗ. ಮಾದೇವಿ ಇಳಿದಳು, ನಾನು ಇಳಿದೆ. ತಿರುಗಿ ನೋಡಿದರೆ ಕೂಸನ್ನು ಗಂಡನ ಕೈಗೆ ಕೊಟ್ಟು ಒಬ್ಬ ಹೆಂಗಸು ಇಳಿಯುತ್ತಿದ್ದಳು. ಅವಳ ಹಿಂದೆ ಒಬ್ಬ ಮುದುಕಿ, ಆಮೇಲೆ ಕಾಲೇಜಿನ ಹುಡುಗಿಯರು, ಆಮೇಲೆ ಬುರ್ಖಾದ ಇಬ್ಬರು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಇಳಿದು ಬಂದರು.

ಮುದುಕಿ ನನ್ನ ಕೈ ಹಿಡಿದು ಬದು ದಾಟುತ್ತ "ಯಾವೂರಿನವ್ರಬೇ ನೀವು?" ಎಂದಳು. ಶಹಾಪುರ ಅನ್ನಲು ಬಾಯಿ ಬರಲಿಲ್ಲ, ಹೈದರಾಬಾದು ಅನ್ನಲೂ ಬರಲಿಲ್ಲ. "ಈ ಬಸ್ಸಿನವರು ನೋಡಬೇ" ಎಂದೆ. ಅವಳು ನಕ್ಕು ತೊಗರಿಯೊಳಗೆ ಹೋದಳು.

ಬಸ್ಸಿನಲ್ಲಿ ಗಂಡಸರು ಸುಮ್ಮನೆ ಕೂತು ಕಾಯುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದ. ಒಬ್ಬಳೂ ಅವಸರ ಮಾಡಲಿಲ್ಲ.